ಎಡಕ್ಕೆ ಸ್ವಲ್ಪ ಮಂದ

ಪ್ರತಿ ಭಾನುವಾರ ಬೆಳಿಗ್ಗೆ ನಮ್ಮ ಮನೆಯ ಪಡಸಾಲೆಯಲ್ಲಿ ಮೂವರು ಗಂಡಸರು ಸೇರಿ ಹಾಡು ಕೇಳುತ್ತಿದ್ದರು. ಆದರೆ ಮನೆಯಲ್ಲಿ ಒಂದು ಶಬ್ದವೂ ಇರುತ್ತಿರಲಿಲ್ಲ. ಒಬ್ಬರು ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿ ಕೂಡುವುದು, ಉಳಿದಿಬ್ಬರು ಅವರ ಮುಖವನ್ನೇ ನೋಡುತ್ತ ಕೂಡುವುದು. ಒಂದು ಹಾಡು ಮುಗಿದ ಮೇಲೆ ಹೆಡ್‌ಫೋನ್ ಮುಂದಿನವರ ತಲೆಗೆ ಹೋಗುತ್ತಿತ್ತು. ಮೂವರೂ ಕೇಳಿ ಮುಗಿಸುವ ತನಕ ಯಾರೂ ಬಾಯಿ ಬಿಡಬಾರದು ಎಂಬುದು ಅವರು ಮಾಡಿಕೊಂಡಿದ್ದ ಕಟ್ಟಳೆ. ನಾನು ಚಹಾ ಕೊಡಲು ಹೋದಾಗ ಕಪ್ಪಿನ ಸಪ್ಪಳಕ್ಕೂ ಮುಖ ಸಿಂಡರಿಸುತ್ತಿದ್ದರು. ಮದುವೆಯಾದ ಹೊಸತರಲ್ಲಿ ನನಗೆ ನಗು ಬರುತ್ತಿತ್ತು. ಆಮೇಲೆ ಸಿಟ್ಟು ಬರತೊಡಗಿತು. ಈಗ ನೆನೆದರೂ ಸಿಟ್ಟೇ ಬರುತ್ತದೆ.

ನಮ್ಮನೆಯವರು ಜೇವರ್ಗಿಯ ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರು. ಊರವರ ಬಾಯಲ್ಲಿ ಪಾಂಡುರಂಗರಾಯರು. ಉಳಿದಿಬ್ಬರಲ್ಲಿ ಬುರಾನುದ್ದೀನನದು ಬಸ್ ಸ್ಟ್ಯಾಂಡಿನ ಹತ್ತಿರ ರೇಡಿಯೊ, ಟೇಪ್‌ರೆಕಾರ್ಡರ್ ದುರಸ್ತಿ ಮಾಡುವ ಅಂಗಡಿ. ದೇವೀಂದ್ರಪ್ಪನದು ತೊಗರಿಯ ಅಡತಿ ವ್ಯಾಪಾರ. ಇಬ್ಬರಿಗೂ ಈ ಹುಚ್ಚು ಹಿಡಿಸಿದವರು ನಮ್ಮನೆಯವರೇ. ಸ್ಪೀಕರಿನಲ್ಲಿ ಕೇಳುವುದು ಹಾಡನ್ನು ಬೀದಿಯಲ್ಲಿ ನಿಂತು ಕೇಳಿದ ಹಾಗೆ, ಹೆಡ್‌ಫೋನಿನಲ್ಲಿ ಕೇಳಿದರೆ ಹಾಡುವವನ ಮಗ್ಗುಲಲ್ಲಿ ಕೂತ ಹಾಗೆ ಎಂದು ಅವರು ಹೇಳುತ್ತಿದ್ದರು. ಇವರಿಗೆ ಯಾವ ಹೆಡ್‌ಫೋನೂ ಒಂದು ವರ್ಷಕ್ಕಿಂತ ಹೆಚ್ಚು ಸರಿ ಅನ್ನಿಸುತ್ತಿರಲಿಲ್ಲ. ಈಗಿನದಕ್ಕಿಂತ ಮುಂದಿನದು ಯಾವುದು ಎಂಬ ಮಾತೇ ಅವರಿಗೆ ಹೆಚ್ಚು ರುಚಿ.

ಎಲ್ಲ ಹೆಡ್‌ಫೋನಿಗೂ ಪರೀಕ್ಷೆ ಒಂದೇ ಕ್ಯಾಸೆಟ್ಟಿನಿಂದ. ಅಂದೋಲಾ ಮಠದಲ್ಲಿ ಹುಲೆಪ್ಪ ಎಂಬ ಮುದುಕ ತಂಬೂರಿ ಹಿಡಿದು ತತ್ವಪದ ಹಾಡಿದ್ದನ್ನು ಬುರಾನುದ್ದೀನ ಎರಡು ಮೈಕ್ ಇಟ್ಟು ತಾನೇ ತುಂಬಿಕೊಂಡು ಬಂದಿದ್ದ. ಆ ಕ್ಯಾಸೆಟ್ಟಿನಲ್ಲಿ ಎಡಗಿವಿಗೆ ಹುಲೆಪ್ಪ ಮತ್ತು ಅವನ ತಂಬೂರಿ, ಬಲಗಿವಿಗೆ ದಮ್ಮಡಿ ಬಡಿಯುವವನು. ಹೆಡ್‌ಫೋನಿನ ಎಡ ಬಲ ಅದಲುಬದಲು ಮಾಡಿ ಹಾಕಿಕೊಳ್ಳುವುದು ಈ ಮೂವರ ಪಾಲಿಗೆ ದೊಡ್ಡ ಅಪಚಾರ. ದೇವೀಂದ್ರಪ್ಪ ಒಮ್ಮೆ ಹಾಗೆ ಹಾಕಿಕೊಂಡು, "ಹುಲೆಪ್ಪನ ಜಾಗಾದಾಗ ದಮ್ಮಡಿಯವನ್ನ ಕೂಡ್ಸಿದಿ ಏನೋ" ಎಂದು ನಮ್ಮನೆಯವರಿಂದ ಬೈಸಿಕೊಂಡಿದ್ದ.

ಒಂದು ಭಾನುವಾರ, ಮೂವರೂ ಕೇಳಿ ಮುಗಿಸಿದ ಮೇಲೆ, ನಮ್ಮನೆಯವರು ಮೊದಲು ಬಾಯಿ ತೆರೆದರು.

"ಎಡಕ್ಕ ಸ್ವಲ್ಪ ಮಂದ ಅನಸಾಕತ್ತದ. ತಂಬೂರಿ ಹಿಂದ ಸರದಂಗ ಆಗ್ಯಾದ. ನಿಮಗ?"

ದೇವೀಂದ್ರಪ್ಪ ಗಲ್ಲ ತುರಿಸಿಕೊಂಡ. "ಹೌದ್ರಿ ರಾಯರ. ನಾ ಹೇಳಬೇಕಂತಿದ್ದೆ. ಸ್ವಲ್ಪ ಮಂದ ಅದ."

"ಒಂದ ಕೂದಲ ಎಳಿಯಷ್ಟು" ಎಂದ ಬುರಾನುದ್ದೀನ.

ಅಲ್ಲಿಗೆ ಆ ಹೆಡ್‌ಫೋನ್ ಮೂಲೆ ಸೇರಿತು. ಸೊಲ್ಲಾಪುರದಿಂದ ಜಪಾನಿನದು ಬಂತು. ಎರಡು ತಿಂಗಳಿಗೆ ಅದೂ ಎಡಕ್ಕೆ ಮಂದವಾಯಿತು. ಇವರು ಹೇಳಿದರು, ಅವರಿಬ್ಬರು ಹೂಂಗುಟ್ಟಿದರು. ಮುಂಬೈಯಿಂದ ಇನ್ನೊಂದು ಬಂತು, ಕಿವಿಯನ್ನೆಲ್ಲ ಮುಚ್ಚುವ ಭಾರದ್ದು. ಅದೂ ಮಂದ. ತಯಾರಿಸುವವರಿಗೆ ಎಡಗಡೆಯ ಮೇಲೆ ಏನು ದ್ವೇಷವೋ ಎಂದು ನಾನು ಚೇಷ್ಟೆ ಮಾಡಿದ್ದೆ. ಮೂವರಲ್ಲಿ ಒಬ್ಬರೂ ನಗಲಿಲ್ಲ.

ಇವರ ಎಡಗಿವಿ ಚಿಕ್ಕಂದಿನಿಂದ ಸೋರುತ್ತಿತ್ತು. ನಮ್ಮ ಕಡೆ ಅದೊಂದು ರೋಗ ಎಂದು ಯಾರೂ ಎಣಿಸುತ್ತಿರಲಿಲ್ಲ. ಮಳೆಗಾಲದಲ್ಲಿ ಸೋರುತ್ತದೆ, ಬೇಸಿಗೆಯಲ್ಲಿ ಒಣಗುತ್ತದೆ ಅಷ್ಟೆ. ಅತ್ತೆಯವರು ಇದ್ದಾಗ ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಡುತ್ತಿದ್ದರು, ಅವರು ಹೋದ ಮೇಲೆ ನಾನು ಬಿಡುತ್ತಿದ್ದೆ. ಆ ವರ್ಷ ಬೇಸಿಗೆ ಬಂದರೂ ಕಿವಿ ಒಣಗಲಿಲ್ಲ. ದಿಂಬಿನ ಚೀಲಕ್ಕೆ ಕೆಟ್ಟ ನಾತ ಹತ್ತುತ್ತಿತ್ತು. ಡಾಕ್ಟರಿಗೆ ತೋರಿಸೋಣ ಅಂದರೆ, ಹುಟ್ಟಿದಾಗಿನಿಂದ ಇದ್ದದ್ದು ಬಿಡು ಅನ್ನುತ್ತಿದ್ದರು.

ಆ ಭಾರದ ಹೆಡ್‌ಫೋನಿನ ದಿಂಬುಗಳೂ ಕಿವಿಯ ಪಸೆಗೆ ಕೆಟ್ಟುಹೋದವು. ನಾನು ಹಳೆಯ ಮಖಮಲ್ಲಿನ ಕುಪ್ಪಸ ಹರಿದು ಅವಕ್ಕೆ ಹೊಸ ಗವಸು ಹೊಲಿದೆ. ಎಡ ಬಲ ಎಂದು ಬರೆದಿದ್ದ ಅಕ್ಷರ ಬಟ್ಟೆಯೊಳಗೆ ಮುಚ್ಚಿಹೋಯಿತು. ಒಂದು ಸಂಜೆ ಕಚೇರಿಯಿಂದ ಬಂದವರು ಒಬ್ಬರೇ ಕೂತು ಹುಲೆಪ್ಪನ ಕ್ಯಾಸೆಟ್ ಹಾಕಿ, ಹೆಡ್‌ಫೋನ್ ಏರಿಸಿಕೊಂಡು, "ಏ ನರ್ಮದಾ, ಹುಲೆಪ್ಪ ಬಲಕ್ಕ ಬಂದಾನಲ್ಲ! ಉಲ್ಟಾ ಹಾಕ್ಕೊಂಡೇನಿ" ಎಂದು ನಕ್ಕರು.

ನಗು ಅರ್ಧಕ್ಕೇ ನಿಂತಿತು. ಇಷ್ಟು ದಿನ ಎಡಕ್ಕಿದ್ದ ಹುಲೆಪ್ಪ ಮಂದವಾಗಿ ಕೇಳುತ್ತಿದ್ದ. ತಪ್ಪು ಹೆಡ್‌ಫೋನಿನದಾಗಿದ್ದರೆ, ತಿರುಗಿಸಿ ಹಾಕಿಕೊಂಡರೂ ಹುಲೆಪ್ಪನೇ ಮಂದವಾಗಿರಬೇಕಿತ್ತು. ಈಗ ಅವನು ಬಲಗಿವಿಗೆ ಬಂದು ಗಂಟೆ ಬಡಿದಷ್ಟು ಸ್ಪಷ್ಟವಾಗಿದ್ದ. ಎಡಗಿವಿಗೆ ಹೋದ ದಮ್ಮಡಿ ಇಲ್ಲದಂತಾಗಿತ್ತು. ಅವರು ಹೆಡ್‌ಫೋನ್ ತಿರುಗಿಸಿ ಹಾಕಿಕೊಂಡರು, ಮತ್ತೆ ಉಲ್ಟಾ ಹಾಕಿಕೊಂಡರು. ಕೊನೆಗೆ ಕೈಗಡಿಯಾರ ಬಿಚ್ಚಿ ಎಡಗಿವಿಗೆ ಹಿಡಿದು ಕೂತರು. 

ಸೊಲ್ಲಾಪುರಕ್ಕೆ ಹೋದೆವು. ಅಲ್ಲಿನ ಕಿವಿ ಡಾಕ್ಟರು ಚಿಮಟಾದಂಥ ಕವಲು ಕಡ್ಡಿ ಬಡಿದು ಕಿವಿಗೆ ಹಿಡಿದು, ಎಕ್ಸರೇ ನೋಡಿ ನೇರವಾಗಿ ಹೇಳಿದರು. ಕೀವು ಒಳಗಿನ ಎಲುಬನ್ನು ತಿಂದಿದೆ, ಇನ್ನು ತಡಮಾಡಿದರೆ ಮಿದುಳಿಗೆ ಹೋಗುತ್ತದೆ, ಈ ವಾರವೇ ಆಪರೇಶನ್ ಆಗಬೇಕು. ಮಾಡಿಸಿಕೊಂಡರೆ ಜೀವಕ್ಕೆ ಭಯವಿಲ್ಲ, ಆದರೆ ಆ ಕಿವಿಯಲ್ಲಿ ಉಳಿದಿರುವ ಕೇಳಿಕೆಯೂ ಹೋಗುತ್ತದೆ. ನಾನು ಮೊದಲಿನ ಮಾತು ಕೇಳಿಸಿಕೊಂಡೆ. ಇವರು ಕೊನೆಯದನ್ನು ಮಾತ್ರ ಕೇಳಿಸಿಕೊಂಡರು.

ರೈಲಿನಲ್ಲಿ ಬರುವಾಗಲೇ ಶುರುವಾಯಿತು. "ಚಿಮಟಾ ಬಡದು ಕಿವಿ ನೋಡ್ತಾರ ಅವ್ರು. ಅಷ್ಟರಿಂದ ಏನ ತಿಳೀತದ? ಕಿವೀದು ಸ್ವಲ್ಪ ಅದ, ಇಲ್ಲನ್ನೂದಿಲ್ಲ. ಆದ್ರ ಹೆಡ್‌ಫೋನಿಂದೂ ಅದ. ದೇವೀಂದ್ರಪ್ಪಗೂ ಮಂದ ಕೇಳಸ್ತು, ಬುರಾನಗೂ ಕೇಳಸ್ತು. ಅವರಿಬ್ಬರ ಕಿವೀನೂ ಸೋರತಾವೇನು?"

"ಡಾಕ್ಟರು ಮಿದುಳಿಗೆ ಹೋಗ್ತದ ಅಂದಾರ್ರಿ."

"ಬುರಾನನ ಮೈದುನ ಜೆಡ್ಡಾದಿಂದ ಬರಾಂವ ಇದ್ದಾನ. ಜರ್ಮನಿಯದು ತರಾಕತ್ತಾನ. ಅದರಾಗ ಒಮ್ಮೆ ಕೇಳ್ತೇನಿ. ಅದರಾಗ ಎಡಕ್ಕ ಛಲೋ ಕೇಳಸ್ತಂದ್ರ ಕಿವಿ ಇನ್ನೂ ಅದ ಅಂತ ಆತು. ಇದ್ದ ಕಿವಿ ಯಾಕ ಕೊಯ್ಸಿಕೋಬೇಕು?"

"ಕೇಳಸಲಿಲ್ಲಂದ್ರ?"

 ಕಿಟಕಿಯ ಕಡೆ ಮುಖ ಮಾಡಿದರು. ಎಡಗಿವಿ ನನ್ನ ಕಡೆ ಇತ್ತು. ಕೇಳಿಸಿತೋ ಇಲ್ಲವೋ ದೇವರಿಗೇ ಗೊತ್ತು.

ನಾನು ಅತ್ತೆ, ಕೂಗಾಡಿದೆ, ಉಪವಾಸ ಕೂತೆ. ಯಾವುದಕ್ಕೂ ಜಗ್ಗಲಿಲ್ಲ. ಕೊನೆಗೆ ಒಂದು ದಿನ ಸೆರಗು ಹೊದ್ದುಕೊಂಡು ನೆಟ್ಟಗೆ ಬುರಾನುದ್ದೀನನ ಅಂಗಡಿಗೆ ನಡೆದೆ. ಮನೆತನದ ಹೆಂಗಸು ಹಾಗೆ ಅಂಗಡಿ ಹತ್ತಿ ನಿಲ್ಲುವುದು ಆಗ ನಮ್ಮೂರಲ್ಲಿ ಇರಲಿಲ್ಲ. ಅವನು ಗಾಬರಿಯಾಗಿ ಎದ್ದು ಸ್ಟೂಲು ಒರೆಸಿದ. ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿ, "ನಿಮಗಿಬ್ಬರಿಗೂ ಮಂದ ಕೇಳಸ್ತಂತ. ಅದನ್ನ ಹಿಡಕೊಂಡು ಕೂತಾರ" ಎಂದೆ.

ಬುರಾನುದ್ದೀನ ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಮೇಜಿನ ಮೇಲಿಟ್ಟ.

"ಭಾಭಿ, ಖರೇ ಹೇಳ್ತೇನಿ, ಖುದಾನ ಕಸಂ. ನನಗ ಒಮ್ಮೆನೂ ಮಂದ ಕೇಳಸಿದ್ದಿಲ್ಲ."

"ಮತ್ತ ಹೌದು ಯಾಕಂದಿ?"

"ರಾಯರಿಗಿ ಕೇಳಸಿದ್ದು ನನಗ ಕೇಳಸಲಿಲ್ಲಂದ್ರ ನನ್ನ ಕಿವೀನೇ ಮೊಂಡು ಅಂತಾತಲ್ರಿ. ಮೊದಲ ದೇವೀಂದ್ರಪ್ಪ ಹೌದಂದ. ಅವಗ ಕೇಳಸೂದು ನನಗ ಕೇಳಸೂದಿಲ್ಲೇನು ಅಂತ ನಾಚಿಕಿ ಬಂತು. ಮುಂದ ಒಂದಿನ ಅವನ್ನ ಕೇಳಿದೆ. ಅವಗೂ ಏನೂ ಕೇಳಸಿದ್ದಿಲ್ಲಂತ."

ನನಗೆ ಮೈಯೆಲ್ಲ ಉರಿಯಿತು. ಸಣ್ಣ ಸದ್ದು ಕೇಳಬಲ್ಲೆವು ಎಂದು ಮೆರೆಯುವವರ ಒಣ ಪ್ರತಿಷ್ಠೆಗೆ ನನ್ನ ಗಂಡನ ಒಂದು ವರ್ಷ ಹೋಗಿತ್ತು. ಮೊದಲನೆಯ ದಿನ ಒಬ್ಬನಾದರೂ "ನನಗ ಸರಿ ಕೇಳಸ್ತದ" ಅಂದಿದ್ದರೆ ಅಂದೇ ಕಿವಿ ತೋರಿಸಿಕೊಳ್ಳುತ್ತಿದ್ದರು. ಬಾಯಿಗೆ ಬಂದದ್ದೆಲ್ಲ ಅಂದೆ. ಅವನು ಎಲ್ಲ ಒಪ್ಪಿಕೊಂಡ. ಭಾನುವಾರ ಹೆಡ್‌ಫೋನ್ ಬರುತ್ತದೆ, ಅವತ್ತು ಇಬ್ಬರೂ ಅವರೆದುರು ನಿಜ ಹೇಳುತ್ತೇವೆ ಎಂದು ಮಾತು ಕೊಟ್ಟ. ದೇವೀಂದ್ರಪ್ಪನೂ ಹಿತ್ತಲ ಬಾಗಿಲಿಗೆ ಬಂದು, "ತಪ್ಪಾತ್ರಿ ವೈನಿ, ಹೇಳ್ತೇನಿ" ಎಂದು ಕೈ ಮುಗಿದು ಹೋದ.

ಇತ್ತ ನಾನೂ ಮನೆಗೆ ಬಂದು ಇವರಿಗೆ ಹೇಳಿದೆ. "ನಿನಗ ಬುರಾನ ಸಮಾಧಾನಕ್ಕ ಹೇಳ್ಯಾನ" ಎಂದರು. ಆ ಹೊತ್ತಿಗಾಗಲೇ ತಲೆನೋವು ಶುರುವಾಗಿತ್ತು. ಊಟ ಸೇರುತ್ತಿರಲಿಲ್ಲ, ಬೆಳಕು ಕಂಡರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು.

ಭಾನುವಾರ ಬಂತು. ಜರ್ಮನಿಯ ಹೆಡ್‌ಫೋನ್ ಹಗುರವಾಗಿತ್ತು, ಕಪ್ಪಗೆ, ನೋಡಲು ಏನೂ ವಿಶೇಷವಿರಲಿಲ್ಲ. ನಮ್ಮನೆಯವರು ಸ್ನಾನ ಮಾಡಿ, ಜ್ವರವಿದ್ದರೂ ಇಸ್ತ್ರಿ ಅಂಗಿ ತೊಟ್ಟು ಕೂತಿದ್ದರು. ಬುರಾನುದ್ದೀನ ಕ್ಯಾಸೆಟ್ ಹಾಕಿದ. ನಾನು ಬಾಗಿಲಲ್ಲೇ ನಿಂತೆ. ಅವತ್ತು ನನಗೆ ಒಳಗೆ ಹೋಗು ಅನ್ನಲಿಲ್ಲ.

ಪದ ಮುಗಿಯುವವರೆಗೂ ಕಣ್ಣು ಮುಚ್ಚಿಕೊಂಡಿದ್ದರು. ಹೆಡ್‌ಫೋನ್ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಮೂವರೂ ಕೇಳುವ ತನಕ ಮಾತಾಡಬಾರದು ಎಂಬ ತಮ್ಮದೇ ಕಟ್ಟಳೆ ಮರೆತರು.

"ಎಡಕ್ಕ ಏನೂ ಇಲ್ಲ."

ಬುರಾನುದ್ದೀನ ತೆಗೆದುಕೊಂಡು ಹಾಕಿಕೊಂಡ. ಅರ್ಧ ಪದ ಕೇಳಿ ನನ್ನ ಕಡೆ ಒಮ್ಮೆ ನೋಡಿ, ಹೆಡ್‌ಫೋನ್ ತೆಗೆದ. ಪಾಪ, ಅವನು ಮಾತು ಉಳಿಸಿಕೊಂಡ.

"ರಾಯರ, ನನಗ ಎರಡೂ ಕಡೆ ಒಂದೇ ಸಮ ಕೇಳಸ್ತದ್ರಿ. ಹಿಂದಿನವೂ ಹಂಗೇ ಕೇಳಸ್ತಿದ್ವು."

ನಮ್ಮನೆಯವರ ಮುಖದ ರಕ್ತವೆಲ್ಲ ಇಳಿಯಿತು.  ನಾನು ಮದುವೆಯಾದಾಗಿನಿಂದ ಆ ಮನುಷ್ಯನನ್ನು ಅಷ್ಟು ಹೆದರಿದ್ದು ನೋಡಿರಲಿಲ್ಲ. ಆದರೂ ಒಳಗೊಳಗೇ ನನಗೆ ಜೀವ ಬಂತು. ನಾಳೆಯೇ ಸೊಲ್ಲಾಪುರಕ್ಕೆ ಹೊರಡಿಸಬಹುದು ಅಂದುಕೊಂಡೆ. ಅವರು ಬುರಾನುದ್ದೀನನ ಕೈಯಿಂದ ಹೆಡ್‌ಫೋನ್ ತೆಗೆದುಕೊಂಡು ದೇವೀಂದ್ರಪ್ಪನ ಕಡೆ ಚಾಚಿದರು. 

"ದೇವೀಂದ್ರಪ್ಪ, ನೀ ಕೇಳಿ ಹೇಳು."

ದೇವೀಂದ್ರಪ್ಪ ಪೂರ್ತಿ ಪದ ಕೇಳಿದ. ಕೇಳುವಾಗ ಕಣ್ಣು ಮುಚ್ಚಲಿಲ್ಲ, ರಾಯರ ಮುಖವನ್ನೇ ನೋಡುತ್ತಿದ್ದ. ಹೆಡ್‌ಫೋನ್ ತೆಗೆದು ಜಮಖಾನೆಯ ಮೇಲಿಟ್ಟ. ನಾನು ಅವನನ್ನೇ ದುರುಗುಟ್ಟಿ ನೋಡಿದೆ.

"ಎಡಕ್ಕ ಸ್ವಲ್ಪ ಮಂದ ಅದ್ರಿ ರಾಯರ" ಎಂದ.

"ಸುಳ್ಳು!" ಎಂದು ಕಿರುಚಿದೆ. "ಸುಳ್ಳು ಹೇಳಾಕತ್ತಾನ್ರಿ! ಹಿತ್ತಲ ಬಾಗಲಿಗೆ ಬಂದು ನನಗ ಕೈ ಮುಗದು ಹೋಗ್ಯಾನ!"

ಇವರು ಕೇಳಿಸಿಕೊಳ್ಳಲಿಲ್ಲ. ಮುಖಕ್ಕೆ ಮತ್ತೆ ಕಳೆ ಬಂದಿತ್ತು. "ನರ್ಮದಾ, ನಿನಗ ಇದರಾಗ ಏನ ತಿಳೀತದ? ಒಳಗ ಹೋಗು, ಚಹಾ ಇಡು" ಎಂದರು. ಬುರಾನುದ್ದೀನನ ಭುಜ ತಟ್ಟಿ, "ಮೊದಲ ನಿನ್ನ ಕಿವಿ ತೋರಸ್ಕೊ" ಎಂದು ನಕ್ಕರು. ಬುರಾನುದ್ದೀನ ದೇವೀಂದ್ರಪ್ಪನನ್ನು ನೋಡಿದ, ಇವರನ್ನು ನೋಡಿದ. "ಇರಬಹುದ್ರಿ" ಎಂದು ತಲೆ ತಗ್ಗಿಸಿದ.

ನಾನು ಒಲೆಯ ಮುಂದೆ ಕೂತು ಅಳುತ್ತಿದ್ದಾಗ ಪಡಸಾಲೆಯಲ್ಲಿ ಮುಂದಿನ ಹೆಡ್‌ಫೋನಿನ ಮಾತು ನಡೆದಿತ್ತು. ಅಮೆರಿಕದ್ದೊಂದು ಇದೆಯಂತೆ, ದೇವೀಂದ್ರಪ್ಪನ ಸರಸಂಬಾದ ಬೀಗರ ಪೈಕಿ ಯಾರೋ ತರಿಸಿಕೊಡಬಲ್ಲರಂತೆ. ನಮ್ಮನೆಯವರು ತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ, ಅದರ ತಂತಿ ಎಷ್ಟು ಉದ್ದ, ದಿಂಬು ಚರ್ಮದ್ದೋ ಬಟ್ಟೆಯದೋ ಎಂದು ಉತ್ಸಾಹದಿಂದ ಕೇಳುತ್ತಿದ್ದರು.

ಆ ವಾರ ದಾಟಲಿಲ್ಲ. ಬುಧವಾರ ಕತ್ತು ಕಟ್ಟಿಗೆಯಾಯಿತು, ವಾಂತಿಯಾಯಿತು, ನನ್ನನ್ನು ಅವ್ವಾ ಎಂದು ಕರೆದರು. ಜೀಪು ಮಾಡಿಕೊಂಡು ಗುಲ್ಬರ್ಗಾಕ್ಕೆ ಹೊರಟೆವು. ಭೀಮಾ ಹೊಳೆಯ ಸೇತುವೆ ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ನನ್ನ ತೊಡೆಯ ಮೇಲೆ ಪ್ರಾಣ ಬಿಟ್ಟರು. ಜೀಪನ್ನು ಅಲ್ಲಿಂದಲೇ ತಿರುಗಿಸಿದೆವು.

ಪಡಸಾಲೆಯಲ್ಲೇ ಮಲಗಿಸಿದರು. ಊರೆಲ್ಲ ಬಂತು. ಬುರಾನುದ್ದೀನ ಹೊರಗೆ ಕಟ್ಟೆಯ ಮೇಲೆ ಮುಖ ಮುಚ್ಚಿಕೊಂಡು ಕೂತಿದ್ದ. ಒಳಗೆ ಬರುವ ಧೈರ್ಯ ಅವನಿಗೆ ಆಗಲಿಲ್ಲ. ದೇವೀಂದ್ರಪ್ಪ ಬಂದ. ನನ್ನ ಮುಂದೆ ನೆಲಕ್ಕೆ ಕುಸಿದು ಹಣೆ ಬಡಿದುಕೊಂಡ.

"ವೈನಿ, ಭಾಳ ಛಲೋ ಕೇಳಸ್ತಿತ್ತ್ರಿ. ಎಡಕ್ಕ ಏನೂ ಮಂದ ಇದ್ದಿಲ್ರಿ. ಅವರ ಮಾರಿ ನೋಡಿ ನನಗ ಹೇಳಾಕ ಬಾಯಿ ಬರಲಿಲ್ರಿ."

ನನಗೆ ಅಳು ನಿಂತುಹೋಯಿತು. ಬೈಯಬೇಕು ಅನ್ನಿಸಲಿಲ್ಲ, ಕೂಗಬೇಕು ಅನ್ನಿಸಲಿಲ್ಲ.

"ನನ್ನ ಮುಂದ ಯಾಕ ಹೇಳ್ತೀ ದೇವೀಂದ್ರಪ್ಪ" ಎಂದೆ. "ಅಲ್ಲಿ ಮಲಗ್ಯಾರ, ಹೋಗಿ ಅವರಿಗೇ ಹೇಳು. ಬಲಗಿವಿ ಹತ್ರ ಹೇಳು. ಎಡಗಿವಿ ಅವರಿಗೆ ಕೇಳಸ್ತಿದ್ದಿಲ್ಲ."