ಕಂಬಳಿ ತುರುಕಿದ ಕಿಂಡಿ

ಕಿಟಕಿ ಮುಚ್ಚಿತ್ತು. ಚಿಲಕವೂ ಬಿದ್ದಿತ್ತು. ಆದರೂ ಪರದೆ ಅಲುಗಾಡುತ್ತಿತ್ತು.

ಮಹಡಿಯ ಕೋಣೆಯಲ್ಲಿ ಮಂಚದ ಮೇಲೆ ಕುಳಿತು ಜಿಗ್ಮುಂಟ್ ಗ್ರಾಬೆಕ್ ಆ ಪರದೆಯನ್ನೇ ದಿಟ್ಟಿಸುತ್ತಿದ್ದ. ಅಮೆರಿಕದ ಬಫಲೋ ನಗರದ ಅಂಚಿನಲ್ಲಿರುವ ಚೀಕ್ಟೊವಾಗದ ಈ ಮನೆಯನ್ನು ಅವನ ಅಪ್ಪ ಎರಡನೇ ಮಹಾಯುದ್ಧ ಮುಗಿದ ಮೇಲೆ ಕೊಂಡಿದ್ದ. ಬೀದಿಯ ಮನೆಗಳೆಲ್ಲ ಅದೇ ಕಾಲದವು, ಅದೇ ಅಚ್ಚಿನವು: ಕೆಳಗೆ ನೆಲಮಾಳಿಗೆ, ನಡುವೆ ವಾಸದ ಕೋಣೆಗಳು, ಮೇಲೆ ಇಳಿಜಾರು ಮಾಡಿನಡಿ ಮಲಗುವ ಜಾಗ. ನೆಲಮಾಳಿಗೆಯಲ್ಲಿ ಮನೆ ಕಾಯಿಸುವ ಗ್ಯಾಸ್ ಬಾಯ್ಲರ್ ಹಗಲಿರುಳು ಉರಿದರೂ ಮಹಡಿ ಬೆಚ್ಚಗಾಗುತ್ತಿರಲಿಲ್ಲ. ಹೊರಗೆ ಸೂರಿನಂಚಿನಿಂದ ಮಂಜುಗಡ್ಡೆಯ ಈಟಿಗಳು ಆಳುದ್ದ ಇಳಿಬಿದ್ದಿದ್ದವು.

ಆ ಬೆಳಿಗ್ಗೆ ಮಗಳು ರೆನಾಟಾ ಫೋನಿನಲ್ಲಿ ಆಡಿದ ಮಾತು ಚಳಿಗಿಂತ ಹರಿತವಾಗಿತ್ತು.

“ಅಪ್ಪಾ, ಇದೊಂದು ಸಲ ಬರ್ತೀವಿ. ಮುಂದಿನ ವರ್ಷದಿಂದ ಕ್ರಿಸ್‌ಮಸ್ ಹಿಂದಿನ ಸಂಜೆ ಊಟ ನಮ್ಮನೇಲೇ. ನಿಮ್ಮನೇಲಿ ಕೋಟು ಹಾಕ್ಕೊಂಡು ಸೂಪ್ ಕುಡೀಬೇಕು.”

“ನಿನ್ನಜ್ಜಿ ಆ ಊಟ ಬಡಿಸಿದ್ದು ಈ ಮನೇಲಿ ಕಣೇ!”

“ಅಜ್ಜೀನೂ ಕೋಟು ಹಾಕ್ಕೊಂಡೇ ಬಡಿಸ್ತಿದ್ರು.”

ಜಿಗ್ಮುಂಟ್ ಫೋನಿಟ್ಟ. ಹಬ್ಬದೊಳಗೆ ಈ ಮನೆಯ ಒಂದೊಂದು ಸಂದನ್ನೂ ಮುಚ್ಚಿಬಿಡುವುದೆಂದು ಆಗಲೇ ತೀರ್ಮಾನಿಸಿದ. ತೀರ್ಮಾನದಲ್ಲಿ ತಪ್ಪಿರಲಿಲ್ಲ. ಮುಚ್ಚುವ ಕ್ರಮದಲ್ಲಿತ್ತು.

ಪಕ್ಕದ ಮನೆಯ ಲೊರೆಟ್ಟಾ ಗೇನ್ಸ್‌ಳ ಕೆಲಸವೇ ಅದು: ಹಳೆಯ ಮನೆಗಳಲ್ಲಿ ಗಾಳಿ ಎಲ್ಲಿ ಸೋರುತ್ತದೆಂದು ಪರೀಕ್ಷಿಸುವುದು. ಅಂಗಳದ ಹಿಮ ಎತ್ತಿಹಾಕುತ್ತಿದ್ದ ಅವಳು ಜಿಗ್ಮುಂಟ್ ಕಾರಿನಿಂದ ಇಳಿಸುತ್ತಿದ್ದ, ಶಾಖ ತಡೆಯುವ ಗಾಜಿನಹತ್ತಿಯ ಸುರುಳಿಗಳನ್ನು ಕಂಡು ಬೇಲಿಯ ಬಳಿ ಬಂದಳು.

“ಅಟ್ಟಕ್ಕೆ ಹಾಸೋಕಾ, ಮಿಸ್ಟರ್ ಗ್ರಾಬೆಕ್? ಒಳ್ಳೇದಾಯ್ತು. ಆ ಈಟಿಗಳು ನೋಡಿ. ನೀವು ಮನೆ ಕಾಯಿಸ್ತಿಲ್ಲ, ಮಾಡು ಕಾಯಿಸ್ತಿದ್ದೀರ. ಮೇಲಿನ ಹಿಮ ಕರಗಿ ಇಳಿದು ಅಂಚಲ್ಲಿ ಮತ್ತೆ ಗಟ್ಟಿಯಾಗ್ತಿದೆ.”

“ಅದಕ್ಕೇ ತಂದಿದೀನಲ್ಲ.”

“ಹಾಸೋಕ್ ಮುಂಚೆ ತೂತು ಮುಚ್ಚಿ. ಚಿಮಣಿ ಸುತ್ತ, ಪೈಪಿನ ಸುತ್ತ, ದೀಪದ ತಂತಿ ಇಳಿಯೋ ಕಡೆ. ಹತ್ತಿ ಶಾಖ ಹಿಡಿಯತ್ತೆ, ಗಾಳಿ ಹಿಡಿಯಲ್ಲ. ಬರೀ ಸ್ವೆಟರಲ್ಲಿ ಗಾಳೀಗೆ ಎದೆಯೊಡ್ಡಿ ನಿಂತು ನೋಡಿ, ಗೊತ್ತಾಗತ್ತೆ. ಮೇಲಿಂದ ಬಿಸಿ ಗಾಳಿ ಹೋದಷ್ಟೂ ಕೆಳಗಿಂದ ತಣ್ಣನೆ ಗಾಳಿ ಎಳ್ಕೊಳತ್ತೆ ಮನೆ.”

“ಆಯ್ತಮ್ಮ.”

“ಇನ್ನೊಂದು ಮಾತು. ಮನೆ ಬಿಗಿ ಮಾಡೋಕೆ ಮುಂಚೆ ಒಂದ್ಸಲ, ಮಾಡಿದ ಮೇಲೆ ಒಂದ್ಸಲ, ಬಾಯ್ಲರ್ ಹೊಗೆ ಚಿಮಣೀಲಿ ನೆಟ್ಟಗೆ ಮೇಲೆ ಹೋಗತ್ತಾ ನೋಡಿಸ್ಬೇಕು. ನಾನೇ ಬರ್ತೀನಿ. ಬಾಗಿಲಿಗೆ ಫ್ಯಾನ್ ಕಟ್ಟಿ—”

“ಬಾಗಿಲಿಗೆ ಫ್ಯಾನಾ? ಈ ಚಳೀಲಾ?” ಜಿಗ್ಮುಂಟ್ ಬೀದಿಗೆಲ್ಲ ಕೇಳುವಂತೆ ನಕ್ಕ. “ಜೀವಮಾನ ಪೂರ್ತಿ ಬಸ್ ಇಂಜಿನ್ ಬಿಚ್ಚಿ ಕಟ್ಟಿದ ಕೈ ಇದು. ನಮ್ಮನೇದು ನಾನು ನೋಡ್ಕೋತೀನಿ. ನೀನು ಹಬ್ಬದ ದಿನ ಊಟಕ್ಕೆ ಬಾ, ಸಾಕು.”

ಅವನು ಕಿಟಕಿಗಳಿಗೆ ಪ್ಲಾಸ್ಟಿಕ್ ಹಾಳೆ ಎಳೆದ. ಬಾಗಿಲುಗಳ ಅಂಚಿಗೆ ಸ್ಪಂಜಿನ ಪಟ್ಟಿ ಅಂಟಿಸಿದ. ಮಹಡಿಯ ಮೇಲಿನ ಅಟ್ಟವನ್ನೇರಿ, ಒಂದು ತೂತನ್ನೂ ಮುಟ್ಟದೆ, ಎಲ್ಲದರ ಮೇಲೂ ಗಾಜಿನಹತ್ತಿಯನ್ನು ಮೆತ್ತಗೆ ಹಾಸಿಬಂದ. ನೋಡಲು ಬಲು ಅಚ್ಚುಕಟ್ಟು. ಕೆಳಗೆ ಬಂದು ಮಂಚದ ಮೇಲೆ ಕುಳಿತ. ಪರದೆ ಇನ್ನೂ ಅಲುಗಾಡುತ್ತಿತ್ತು.

ಅವನಿಗೆ ಸಿಟ್ಟು ಬಂತು. ಚಳಿಯ ಜಾಡು ಹಿಡಿದು ಅಂಗೈ ಚಾಚಿಕೊಂಡು ಕೋಣೆಯಿಂದ ಕೋಣೆಗೆ, ಕೊನೆಗೆ ನೆಲಮಾಳಿಗೆಗೆ ಇಳಿದ. ಬಾಯ್ಲರಿನ ಹಿಂದೆ ಗೋಡೆಯಲ್ಲಿ ತಗಡಿನ ಒಂದು ಕೊಳವೆಯ ಬಾಯಿ ತೆರೆದಿತ್ತು. ಅದರಿಂದ ಹೊರಗಿನ ಕೊರೆಯುವ ಗಾಳಿ ನೇರವಾಗಿ ಒಳಗೆ ಸುರಿಯುತ್ತಿತ್ತು.

“ಹೆಲ್ಕಾ! ಬಾ ಇಲ್ಲಿ! ಸಿಕ್ಕಿಬಿದ್ದ ಕಳ್ಳ!”

ಹೆಂಡತಿ ಹೆಲ್ಕಾ ಹಿಟ್ಟಿನ ಕೈ ಒರೆಸುತ್ತ ಬಂದಳು. “ಅದು ಮೊದಲಿಂದಾನೂ ಇದೆ, ಜಿಗ್ಗೀ. ಏನಕ್ಕೋ ಇಟ್ಟಿರ್ಬೇಕು.”

“ಏನಕ್ಕೂ ಇಲ್ಲ. ನಮ್ಮಪ್ಪ ಮುಚ್ಚೋಕೆ ಮರೆತಿದ್ದ, ಅಷ್ಟೇ.”

ಅಪ್ಪನ ಸೈನ್ಯದ ದಿನಗಳ ಕಂಬಳಿಯನ್ನು ಹುಡುಕಿ ತಂದು ಸುತ್ತಿ ಆ ಕೊಳವೆಯೊಳಗೆ ತುರುಕಿದ. ಮಹಡಿಗೆ ಓಡಿದ. ಪರದೆಯ ಅಲುಗಾಟ ನಿಂತಿತ್ತು.

ಅಪ್ಪ ಏನನ್ನೂ ಮರೆತಿರಲಿಲ್ಲ. ಉರಿಗೆ ಉಸಿರು ಬೇಕು. ಬಾಯ್ಲರಿನ ಉರಿ ಉಸಿರಾಡುತ್ತಿದ್ದುದು ಆ ಕಿಂಡಿಯಿಂದ.

ಮರುದಿನ ಹೆಲ್ಕಾ ಹಬ್ಬಕ್ಕೆಂದು ನೆಲಮಾಳಿಗೆಯಲ್ಲಿ ಅಣಬೆ ಹುರಿಯುತ್ತಿದ್ದಾಗ ಅಲ್ಲಿನ ಗೋಡೆಯ ಅಲಾರಂ ಕಿರುಚತೊಡಗಿತು. ಜಿಗ್ಮುಂಟ್ ಬಂದು ಅದನ್ನು ಕಿತ್ತ.

“ಹೊಗೆ ಕಂಡ್ರೆ ಆಗಲ್ಲ ಇದಕ್ಕೆ. ಹಬ್ಬ ಮುಗೀಲಿ, ಹೊಸದು ಹಾಕ್ತೀನಿ.” ಅದರ ಬ್ಯಾಟರಿ ತೆಗೆದು ಹೆಲ್ಕಾಳ ರೇಡಿಯೋಕ್ಕೆ ಹಾಕಿದ. “ತಗೋ, ಹಬ್ಬದ ಹಾಡು ಕೇಳು.”

ಅದು ಹೊಗೆಯ ಅಲಾರಂ ಆಗಿರಲಿಲ್ಲ. ಕಾರ್ಬನ್ ಮಾನಾಕ್ಸೈಡ್ ಎಂಬ, ಕಣ್ಣಿಗೆ ಕಾಣದ, ಮೂಗಿಗೆ ಸಿಗದ ವಿಷಾನಿಲದ ಸುಳಿವು ಕೊಡುವ ಅಲಾರಂ ಆಗಿತ್ತು.

ಹಬ್ಬದ ಹಿಂದಿನ ದಿನ ಬಂತು. ಸಂಜೆ ಮೊದಲ ನಕ್ಷತ್ರ ಕಾಣುವವರೆಗೆ ಆ ಮನೆಯಲ್ಲಿ ಯಾರೂ ತುತ್ತು ಮುಟ್ಟುವುದಿಲ್ಲ. ಹೆಲ್ಕಾ ನಸುಕಿನಿಂದಲೇ ಕೆಳಗಿದ್ದಳು. ಆ ಬೀದಿಯ ಎಲ್ಲ ಪೋಲಿಷ್ ಮನೆಗಳಂತೆ ಅಲ್ಲಿಯೂ ಮೇಲಿನ ಅಡುಗೆಮನೆ ನೆಂಟರ ಕಣ್ಣಿಗೆ, ನೆಲಮಾಳಿಗೆಯದು ನಿಜವಾದ ಅಡುಗೆಗೆ. ಪಿರೋಗಿ ಕಡುಬುಗಳು ಬೇಯುತ್ತಿದ್ದವು, ಮೀನು ಹುರಿಯುತ್ತಿತ್ತು. ವಾಸನೆ ಮೇಲಿನ ಪರದೆಗಳಿಗೆ ಹತ್ತದಿರಲೆಂದು ಎಕ್ಸಾಸ್ಟ್ ಫ್ಯಾನ್ ಬಿಡುವಿಲ್ಲದೆ ತಿರುಗುತ್ತಿತ್ತು.

ಫ್ಯಾನ್ ಗಾಳಿಯನ್ನು ಹೊರಗೆ ನೂಕುತ್ತಿತ್ತು. ಹೊಸ ಗಾಳಿ ಒಳಬರಲು ಕಿಂಡಿ ಇರಲಿಲ್ಲ. ಮನೆ ಗಾಳಿಯನ್ನು ಎಳೆದುಕೊಳ್ಳಲು ಉಳಿದಿದ್ದ ಸಲೀಸಾದ ದಾರಿ ಒಂದೇ: ಚಿಮಣಿ. ಮೇಲೇರಬೇಕಿದ್ದ ಹೊಗೆ ಹಿಂದಿರುಗಿ ಹೆಲ್ಕಾಳ ಬೆನ್ನ ಹಿಂದೆ ಇಳಿಯತೊಡಗಿತು.

“ಜಿಗ್ಗೀ, ತಲೆ ಸಿಡೀತಿದೆ.”

“ಉಪವಾಸ ಕಣೆ. ನನಗೂ ನೋಯ್ತಿದೆ.”

“ಹೋದ ವರ್ಷ ಹೀಗಾಗಿರ್ಲಿಲ್ಲ.”

“ಹೋದ ವರ್ಷಕ್ಕಿಂತ ಒಂದು ವರ್ಷ ಮುದುಕಿ ಆಗಿದೀಯ.”

ಅವಳು ನಗಲಿಲ್ಲ. “ಹೊಟ್ಟೆ ತೊಳಸ್ತಿದೆ. ಕೂತ್ಕೊಂಡೇ ಹುರೀತೀನಿ.”

“ನಕ್ಷತ್ರ ಕಾಣಿಸ್ಲಿ, ಒಂದು ತುತ್ತು ಒಳಗೆ ಹೋದ್ರೆ ಎಲ್ಲ ಸರಿಹೋಗತ್ತೆ. ನೋಡ್ಕೊಂಡು ಬರ್ತೀನಿ ಇರು.”

ಅವನು ಹಿತ್ತಲಿಗೆ ಹೋದ. ಬೆಳಕು ಇಳಿಯುತ್ತಿತ್ತು, ಆಕಾಶ ಇನ್ನೂ ಬರಿದಾಗಿತ್ತು. ತುಸು ಹೊತ್ತು ನಿಂತದ್ದೇ ತಲೆಭಾರ ಇಳಿಯಿತು. ಚಳಿ ಒಳ್ಳೆಯ ಔಷಧಿ ಎಂದುಕೊಂಡ.

ಬೇಲಿಯ ಬಾಗಿಲು ಕಿರುಗುಟ್ಟಿತು. ಲೊರೆಟ್ಟಾ ಗೆಣಸಿನ ಸಿಹಿ ತುಂಬಿದ ತಟ್ಟೆ ಹಿಡಿದು ಬರುತ್ತಿದ್ದಳು.

“ಬಾ, ಬಾ! ಅಕಸ್ಮಾತ್ ಬರೋ ಅತಿಥಿಗೆ ಅಂತ ಒಂದು ತಟ್ಟೆ ಯಾವಾಗ್ಲೂ ಇಟ್ಟಿರ್ತೀವಿ. ಈ ಸಲ ಅದು ನಿಂದೇ.”

ಲೊರೆಟ್ಟಾ ಅವನನ್ನು ನೋಡುತ್ತಿರಲಿಲ್ಲ. ನೆಲಮಟ್ಟದಲ್ಲಿದ್ದ ನೆಲಮಾಳಿಗೆಯ ಕಿಟಕಿಯನ್ನು ನೋಡುತ್ತಿದ್ದಳು. ಗಾಜಿನ ಒಳಮೈಯಲ್ಲಿ ನೀರು ಧಾರೆಯಾಗಿ ಇಳಿಯುತ್ತಿತ್ತು.

“ಆ ಕಿಟಕಿ ಯಾವಾಗ್ಲೂ ಹೀಗೆ ಬೆವರತ್ತಾ?”

“ಅಡುಗೆ ಹಬೆ.”

“ಹೆಲ್ಕಾ ಎಲ್ಲಿ?”

“ಕೆಳಗೆ. ಉಪವಾಸ ಅಲ್ವಾ, ತಲೆನೋವು ಅಂತ ಕೂತಿದಾಳೆ. ನನಗೂ ಇತ್ತು, ಇಲ್ಲಿ ಬಂದ್ಮೇಲೆ—”

“ಹೊರಗೆ ಬಂದ್ಮೇಲೆ ಇಳೀತಾ?”

“ಹೂಂ. ನಿನಗೆ ಹೇಗೆ ಗೊತ್ತು?”

“ಈ ಬೀದಿ ಮನೆಗಳಲ್ಲೆಲ್ಲ ಬಾಯ್ಲರ್ ಹಿಂದೆ ಗಾಳಿ ಕಿಂಡಿ ಇರತ್ತಲ್ಲ, ಅದನ್ನ ಮುಚ್ಚಿದ್ರಾ?”

“ಕಂಬಳಿ ತುರುಕಿದೆ,” ಎಂದ ಜಿಗ್ಮುಂಟ್. ಲೊರೆಟ್ಟಾಳ ಕೈಯ ತಟ್ಟೆ ಹಿಮದಲ್ಲಿ ಬಿತ್ತು.

“ಓಡಿ!”

ಮೆಟ್ಟಿಲ ಕೆಳಗಿನಿಂದ ರೇಡಿಯೋದ ಹಾಡು ತೇಲಿಬರುತ್ತಿತ್ತು. “ಹೆಲ್ಕಾ!” ಎಂದು ಜಿಗ್ಮುಂಟ್ ಕೂಗಿದ. ಹಾಡಷ್ಟೇ ಕೇಳಿಸಿತು.

ಅವಳು ಮೇಜಿಗೆ ತಲೆಯಾನಿಸಿ ಕುಳಿತಿದ್ದಳು. ಬಾಣಲೆಯಲ್ಲಿ ಮೀನು ಕರಕಾಗಿತ್ತು. ಗಂಡ ಭುಜ ಅಲುಗಿಸಿದಾಗ ರೆಪ್ಪೆಗಳು ಅರೆ ತೆರೆದವು.

“ನಕ್ಷತ್ರ... ಬಂತಾ?” ನಾಲಿಗೆ ತೊದಲುತ್ತಿತ್ತು.

“ಬಂತು ಕಣೆ, ಬಂತು. ಏಳು.”

ಅವಳ ಕಾಲುಗಳು ಮಾತು ಕೇಳಲಿಲ್ಲ. ಜಿಗ್ಮುಂಟನ ಕಣ್ಣು ಬಾಯ್ಲರಿನ ಹಿಂದಕ್ಕೆ ಹೋಯಿತು. ಅವನು ಆ ಕಂಬಳಿಯ ಕಡೆಗೆ ತಿರುಗಿದ.

“ಕಂಬಳಿ ಬಿಡಿ! ಮೊದಲು ಹೆಲ್ಕಾ!” ಲೊರೆಟ್ಟಾ ಅವಳ ಕಾಲುಗಳನ್ನು ಎತ್ತಿ ಹಿಡಿದಿದ್ದಳು. “ಇಲ್ಲಿ ಒಂದು ಕ್ಷಣಾನೂ ನಿಲ್ಲಬೇಡಿ, ಮೂರೂ ಜನ ಬೀಳ್ತೀವಿ!”

ಅವಳ ಹೆಗಲಿಗೆ ತೋಳು ಕೊಟ್ಟು ಜಿಗ್ಮುಂಟ್ ಹಿಮ್ಮುಖವಾಗಿ ಮೆಟ್ಟಿಲೇರತೊಡಗಿದ. ಬಸ್ ಇಂಜಿನ್ ಬಿಚ್ಚಿ ಕಟ್ಟಿದ ತೋಳುಗಳಿಗೆ ಹೆಂಡತಿಯ ಭಾರ ತಡೆಯಲಾಗಲಿಲ್ಲ. ಗೋಡೆಗೆ ಬೆನ್ನೊತ್ತಿ, ಹಲ್ಲು ಕಚ್ಚಿ, ಒಂದೊಂದೇ ಮೆಟ್ಟಿಲು ಜರುಗಿದ. ಬಾಗಿಲು ದಾಟಿ ಹಿಮದ ಮೇಲೆ ಅವಳನ್ನು ಮಲಗಿಸಿದಾಗ ಅವಳ ಎದೆ ಏರಿಳಿಯುತ್ತಿದೆಯೋ ಇಲ್ಲವೋ ಅವನಿಗೆ ತಿಳಿಯಲಿಲ್ಲ. ಲೊರೆಟ್ಟಾ ಆಗಲೇ ಫೋನಿನಲ್ಲಿ ಅಗ್ನಿಶಾಮಕದವರನ್ನು ಕರೆಯುತ್ತಿದ್ದಳು.

“ಹೆಲ್ಕಾ, ಉಸಿರಾಡು. ಉಸಿರಾಡು ಕಣೆ. ಊಟ ಎಲ್ಲಾದ್ರೂ ಆಗ್ಲಿ, ಯಾರ ಮನೇಲಾದ್ರೂ ಆಗ್ಲಿ.”

ಅವಳು ಕೆಮ್ಮಿದಳು. ಮತ್ತೆ ಕೆಮ್ಮಿದಳು.

ಮುಖವಾಡ ತೊಟ್ಟು ಒಳಗೆ ಹೋದ ಅಗ್ನಿಶಾಮಕ ಸಿಬ್ಬಂದಿಯ ಕೈಯ ಯಂತ್ರ ಮೆಟ್ಟಿಲ ಮೇಲೆಯೇ ಕೂಗತೊಡಗಿತು. ಅವರು ಗ್ಯಾಸ್ ನಿಲ್ಲಿಸಿ ಬಾಗಿಲು ಕಿಟಕಿಗಳನ್ನೆಲ್ಲ ತೆರೆದರು. ಒಬ್ಬ ಹೊರಬಂದು ಕೇಳಿದ: “ಅಲಾರಂ ಇರ್ಲಿಲ್ವಾ ಸಾರ್?”

ಒಳಗೆ ರೇಡಿಯೋ ಇನ್ನೂ ಹಾಡುತ್ತಿತ್ತು. ಜಿಗ್ಮುಂಟ್ ಆ ದಿಕ್ಕಿಗೆ ಕೈ ತೋರಿಸಿದ. “ಅದರ ಬ್ಯಾಟರಿ ಅಲ್ಲಿ ಹಾಡ್ತಿದೆ,” ಎಂದ.

ಆ ಸಂಜೆಯನ್ನು ಹೆಲ್ಕಾ ಆಸ್ಪತ್ರೆಯಲ್ಲಿ ಆಮ್ಲಜನಕದ ಮುಖವಾಡದೊಳಗೆ ಕಳೆದಳು. ದಾರಿಯಲ್ಲಿದ್ದ ರೆನಾಟಾ ನೇರವಾಗಿ ಅಲ್ಲಿಗೇ ಬಂದಳು. ಮರುದಿನ ಮಧ್ಯಾಹ್ನ ವೈದ್ಯರು ಹೆಲ್ಕಾಳನ್ನು ಮನೆಗೆ ಕಳುಹಿಸಿದಾಗ ಗ್ರಾಬೆಕ್ ಕುಟುಂಬಕ್ಕೆ ಕೂರಲು ಬೆಚ್ಚಗಿನ ಮನೆ ಇರಲಿಲ್ಲ. ಬಾಯ್ಲರಿಗೆ ಉರಿಸಬಾರದೆಂದು ಬೀಗಮುದ್ರೆ ಬಿದ್ದಿತ್ತು. ಲೊರೆಟ್ಟಾಳ ಮೇಜಿನ ಮೇಲೆ ತಟ್ಟೆಗಳು ಕಾಯುತ್ತಿದ್ದವು.

“ನಮ್ಮಲ್ಲಿ ಆ ಪದ್ಧತಿ ಇಲ್ಲ,” ಎಂದಳು ಲೊರೆಟ್ಟಾ. “ಆದ್ರೂ ಇಟ್ಟಿದೀನಿ. ಅಕಸ್ಮಾತ್ ಬಂದ ಅತಿಥಿಗಳು ನೀವೇ.”

ಹಬ್ಬದ ಊಟಕ್ಕೆ ಮುನ್ನ ತೆಳ್ಳನೆಯ ಹಪ್ಪಳದಂಥ ರೊಟ್ಟಿಯೊಂದನ್ನು ಮುರಿದು ಹಂಚಿಕೊಂಡು ಪರಸ್ಪರ ಕ್ಷಮೆ ಕೇಳುವುದು ಅವರ ವಾಡಿಕೆ. ಜಿಗ್ಮುಂಟ್ ಮೊದಲ ತುಂಡನ್ನು ಹೆಲ್ಕಾಳಿಗೂ ಎರಡನೆಯದನ್ನು ಲೊರೆಟ್ಟಾಳಿಗೂ ಚಾಚಿದ.

“ನಿನ್ನ ಫ್ಯಾನು... ಬಾಗಿಲಿಗೆ ಯಾವಾಗ ಕಟ್ತೀಯ?”

“ಮುಂದಿನ ವರ್ಷ ಊಟ ನಮ್ಮನೇಲಿ ತಾನೆ?” ಎಂದು ರೆನಾಟಾ ಮೆಲ್ಲಗೆ ಕೇಳಿದಳು.

ಹೆಲ್ಕಾ ಸೂಪಿನ ಬಟ್ಟಲು ಕೆಳಗಿಟ್ಟಳು. “ನನ್ನ ಕೆಳಗಿನ ಅಡುಗೆಮನೇಲಿ. ಲೊರೆಟ್ಟಾ ಸರಿ ಅಂದ್ರೆ. ನಿಮ್ಮಪ್ಪ ಸರಿ ಅಂದ್ರೆ ಅಲ್ಲ.”

ಹೊಸ ವರ್ಷದ ಮೊದಲ ವಾರ ಲೊರೆಟ್ಟಾ ಮುಂಬಾಗಿಲಿಗೆ ದೊಡ್ಡ ಫ್ಯಾನ್ ಬಿಗಿದು ಮನೆಯ ಗಾಳಿಯನ್ನು ಹೊರಗೆಳೆದಳು. ಅಟ್ಟದ ಮುಚ್ಚಳದ ಅಂಚಿನಿಂದ, ದೀಪಗಳ ಬುಡದಿಂದ ತಣ್ಣನೆಯ ಗಾಳಿ ಕೋಣೆಗಳಿಗೆ ಸುಯ್ಯೆಂದು ಇಳಿಯಿತು. ಇಷ್ಟು ದಿನ ಬಿಸಿ ಮೇಲೇರಿ ಹೋಗುತ್ತಿದ್ದ ದಾರಿಗಳೆಲ್ಲ ತಾವಾಗಿ ಬಾಯಿಬಿಟ್ಟವು. ಹಳೆಯ ಬಾಯ್ಲರಿನ ಜಾಗಕ್ಕೆ ತನ್ನದೇ ಕೊಳವೆಯಲ್ಲಿ ಹೊರಗಿನ ಗಾಳಿ ಎಳೆದು ತನ್ನದೇ ಕೊಳವೆಯಲ್ಲಿ ಹೊಗೆ ಬಿಡುವ ಹೊಸದು ಬಂತು. ಜಿಗ್ಮುಂಟ್ ಅಟ್ಟದಲ್ಲಿ ಬೋರಲು ಮಲಗಿ, ತಾನೇ ಹಾಸಿದ್ದ ಗಾಜಿನಹತ್ತಿಯನ್ನು ಎತ್ತಿ, ತೂತುಗಳನ್ನು ಒಂದೊಂದಾಗಿ ಮುಚ್ಚಿದ. ಚಿಮಣಿಯ ಸುತ್ತ ಮಾತ್ರ ಲೊರೆಟ್ಟಾ ಹೇಳಿದಂತೆ ತಗಡು ಕತ್ತರಿಸಿ ಕೂರಿಸಿ, ಬೆಂಕಿ ತಾಳುವ ಅಂಟು ಬಳಿದ. ಹತ್ತಿ ಮತ್ತೆ ಹಾಸಿದ್ದು ಎಲ್ಲಕ್ಕಿಂತ ಕೊನೆಗೆ. ಆಮೇಲೆ ಲೊರೆಟ್ಟಾ ಇನ್ನೊಮ್ಮೆ ಪರೀಕ್ಷಿಸಿದಳು. ಸೂರಿನಂಚಿನ ಈಟಿಗಳು ಮತ್ತೆ ಬೆಳೆಯಲಿಲ್ಲ.

ಈಗ ಬೀದಿಯಲ್ಲಿ ಯಾರಾದರೂ ಗಾಜಿನಹತ್ತಿಯ ಸುರುಳಿ ಇಳಿಸಿದರೆ ಜಿಗ್ಮುಂಟ್ ಬೇಲಿಯಾಚೆಯಿಂದಲೇ ಕೂಗುತ್ತಾನೆ: “ತಡಿಯಯ್ಯಾ! ಉರಿಗೆ ಉಸಿರು ಎಲ್ಲಿಂದ ಬರತ್ತೆ ನೋಡಿದ್ಯಾ?”

ಇದನ್ನು ಓದುತ್ತಿರುವ ನಿಮ್ಮನ್ನೂ ಅವನು ಅದನ್ನೇ ಕೇಳುತ್ತಿದ್ದಾನೆ. ಹಳೆಯ ಮನೆಯನ್ನು ಬೆಚ್ಚಗೆ ಮಾಡಿಕೊಳ್ಳಿ, ಖಂಡಿತ ಮಾಡಿಕೊಳ್ಳಿ. ಆದರೆ ಮೊದಲು ಬಲ್ಲವರಿಂದ ಪರೀಕ್ಷೆ ಮಾಡಿಸಿ. ಬಳಿಕ ಅಟ್ಟದ ತೂತುಗಳನ್ನು ಮುಚ್ಚಿ. ಹೊದಿಕೆ ಹಾಸುವುದು ಅದರ ಮೇಲೆ. ಉರಿಯುವ ಯಾವುದೇ ಯಂತ್ರದ ಬಳಿ ಇರುವ ಕಿಂಡಿಗೆ, ಅದರಿಂದ ಎಷ್ಟೇ ಚಳಿ ಸುರಿಯಲಿ, ಕೈ ಹಾಕಬೇಡಿ. ವಿಷಾನಿಲದ ಅಲಾರಂ ಕೂಗಿದರೆ ಬ್ಯಾಟರಿ ಕೀಳಬೇಡಿ, ಮನೆಮಂದಿಯನ್ನೆಲ್ಲ ಹೊರಡಿಸಿ, ಹೊರಗೆ ನಿಂತು ಸಹಾಯಕ್ಕೆ ಕರೆಮಾಡಿ.

ಅಂಗಳಕ್ಕೆ ಬಂದೊಡನೆ ನಿಮ್ಮ ತಲೆನೋವು ಇಳಿಯಿತೆ? ಹಾಗಿದ್ದರೆ ಒಳಗೆ ಇನ್ನೂ ಯಾರು ಕುಳಿತಿದ್ದಾರೆ ಎಂದು ನೆನಪಿಸಿಕೊಳ್ಳಿ. ನಕ್ಷತ್ರಕ್ಕಾಗಿ ಕಾಯಬೇಡಿ.