ಅಜ್ಜ, ಅಪ್ಪ ಮತ್ತು ನಡುವಿನ ಟಪಾಲು

ಆರನೇ ತರಗತಿಯ ಆ ಹುಡುಗಿಯನ್ನು ಇಡೀ ಶಾಲೆ ಟಪಾಲು ಎಂದೇ ಕರೆಯುತ್ತಿತ್ತು. ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಏನೇ ಹೇಳಿಕಳಿಸಬೇಕಾದರೂ ಮೇಷ್ಟ್ರುಗಳು ಅವಳನ್ನೇ ಎಬ್ಬಿಸುತ್ತಿದ್ದರು. ಕಾಲು ಚುರುಕು, ಮುಖದಲ್ಲಿ ನಗು, ದಾರಿಯಲ್ಲಿ ನಿಂತು ಹರಟುವ ಅಭ್ಯಾಸವಿಲ್ಲ. ಅಂಥವಳನ್ನು ಒಂದು ಸೋಮವಾರ ಹೆಡ್‌ಮೇಡಂ ಖುದ್ದಾಗಿ ಕರೆತಂದು ಶಾಲೆಯ ಕೌನ್ಸೆಲರ್ ಮುಂದೆ ಕೂರಿಸಿ, "ಇವಳಿಗೆ ಸುಳ್ಳು ಹೇಳೋ ಕಾಯಿಲೆ. ಏನಾದ್ರೂ ಮಾಡಿ" ಎಂದು ಹೊರಟುಹೋದರು.

ಕೌನ್ಸೆಲರ್ ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಗಿತ್ತು. ಆಟದ ಸಾಮಾನು ತುಂಬಿಡುತ್ತಿದ್ದ ಕೋಣೆಯನ್ನು ಅವಳಿಗೆ ಬಿಟ್ಟುಕೊಟ್ಟಿದ್ದರು. ಗಾಳಿ ಹೋದ ಚೆಂಡುಗಳು ಇನ್ನೂ ಮೂಲೆಯಲ್ಲೇ ಬಿದ್ದಿದ್ದವು. ಮನಸ್ಸು ಹಗುರ ಮಾಡಿಕೊಳ್ಳಲು ಬರುವ ಮಕ್ಕಳಿಗಿಂತ ಚೆಂಡಿಗೆ ಗಾಳಿ ಹಾಕಿಸಿಕೊಳ್ಳಲು ಬರುವವರೇ ಹೆಚ್ಚು. ಕಡಿಮೆ ಮಾತಾಡು, ಹೆಚ್ಚು ಕೇಳಿಸಿಕೋ ಎಂದು ಓದುವಾಗ ಅವಳಿಗೆ ಎರಡು ವರ್ಷ ಬಡಿದು ಬಡಿದು ಹೇಳಿದ್ದರು. ಅವಳೋ ಹುಟ್ಟಾ ಮಾತುಗಾತಿ. ನಾಲಿಗೆ ತುರಿಸಿದಾಗಲೆಲ್ಲ ತಲೆಯಾಡಿಸುವುದನ್ನು ರೂಢಿ ಮಾಡಿಕೊಂಡಿದ್ದಳು. ಸಂಜೆಯ ಹೊತ್ತಿಗೆ ಕತ್ತು ಹಿಡಿದುಕೊಳ್ಳುತ್ತಿತ್ತು.

ನಡೆದದ್ದು ಇಷ್ಟು. ಗಣಿತದ ಮೇಷ್ಟ್ರು ಡ್ರಾಯಿಂಗ್ ಮಿಸ್ಸಿಗೆ, "ನನ್ನ ದೊಡ್ಡ ಸ್ಕೇಲು ತಗೊಂಡು ಹೋಗಿ ವಾರವಾಯ್ತು, ಮರ್ಯಾದೆಯಿಂದ ಕಳಿಸಿ" ಎಂದು ಹೇಳಿಕಳಿಸಿದ್ದರು. ಟಪಾಲು ಹೋಗಿ ಹೇಳಿದ್ದು, "ಸ್ಕೇಲು ಅನುಕೂಲವಾಗಿದೆಯಾ, ಇನ್ನೊಂದು ಬೇಕಾ ಅಂತ ಮೇಷ್ಟ್ರು ಕೇಳಿದ್ರು." ಡ್ರಾಯಿಂಗ್ ಮಿಸ್ ಕರಗಿ ನೀರಾಗಿ, ಇನ್ನೊಂದನ್ನೂ ಕೊಡಲಿ ಎಂದರು. ಅದು ಮೇಷ್ಟ್ರ ಕಿವಿಗೆ ಬೀಳುವಾಗ, "ತಪ್ಪಾಯ್ತಂತೆ, ನಾಳೆ ಕೊಡ್ತಾರಂತೆ" ಎಂದಾಗಿತ್ತು. ಹೀಗೇ ಒಂದು ತಿಂಗಳು ಸ್ಟಾಫ್ ರೂಮಿನಲ್ಲಿ ಯಾರೂ ಕಂಡರಿಯದ ಶಾಂತಿ ನೆಲೆಸಿತ್ತು. ಕೊನೆಗೆ ಒಂದು ಮೀಟಿಂಗಿನಲ್ಲಿ ಇಬ್ಬರೂ ಎದುರುಬದುರು ಕೂತು ಸ್ಕೇಲಿನ ಮಾತೆತ್ತಿದಾಗ ಎಲ್ಲ ಬಯಲಾಯಿತು.

"ಯಾಕೆ ಪುಟ್ಟಿ ಹಾಗೆ ತಿರುಚಿ ಹೇಳ್ದೆ?" ಕೌನ್ಸೆಲರ್ ಕೇಳಿದಳು.

"ಹೇಳಿದಂಗೇ ಹೇಳಿದ್ರೆ ಬೇಜಾರಾಗುತ್ತಲ್ಲ ಮಿಸ್."

"ಇದನ್ನ ಯಾರು ಹೇಳಿಕೊಟ್ರು?"

"ಯಾರೂ ಇಲ್ಲ. ಮನೇಲಿ ದಿನಾ ಮಾಡ್ತೀನಲ್ಲ." ಹುಡುಗಿ ಸಣ್ಣಗೆ ಆಕಳಿಸಿದಳು. "ಇಲ್ಲಿ ಸುಲಭ. ಮೇಷ್ಟ್ರು ಮಿಸ್ಸು ಬೇರೆ ಬೇರೆ ರೂಮಲ್ಲಿ ಇರ್ತಾರೆ."

ಕೌನ್ಸೆಲರ್ ಆ ಶನಿವಾರ ಮಧ್ಯಾಹ್ನ ಅವರ ಮನೆಗೆ ಹೋದಳು. ಬಾಗಿಲು ತೆಗೆದದ್ದು ಹುಡುಗಿಯ ಅಮ್ಮ. ಹೊಲಿಗೆ ಕೆಲಸದವಳು, ಕತ್ತಿನಲ್ಲಿ ಟೇಪು, ಬಾಯಲ್ಲಿ ಎರಡು ಗುಂಡುಸೂಜಿ. ಹಜಾರ ಒಂದೇ. ಅದರ ಒಂದು ತುದಿಯಲ್ಲಿ ಟಿವಿ ಮುಂದೆ ಅಜ್ಜ, ಇನ್ನೊಂದು ತುದಿಯಲ್ಲಿ ಗೋಡೆಗೆ ಮುಖಮಾಡಿ ಅಪ್ಪ. ಇಬ್ಬರ ನಡುವೆ ಹೆಚ್ಚೆಂದರೆ ಎಂಟು ಹೆಜ್ಜೆ.

"ಆ ಮನುಷ್ಯನಿಗೆ ಹೇಳು," ಅಪ್ಪ ಗೋಡೆಗೆ ಹೇಳಿದ, "ಟಿವಿ ಸದ್ದು ಇಳಿಸದೇ ಇದ್ರೆ ವೈರು ಕಿತ್ತು ಬಿಸಾಕ್ತೀನಿ ಅಂತ."

ಟಪಾಲು ಎಂಟು ಹೆಜ್ಜೆ ನಡೆದಳು. "ಅಜ್ಜ, ಜೋರಾಗಿ ಇಟ್ಟರೆ ನಿಮ್ಮ ಕಿವಿಗೆ ಒಳ್ಳೇದಲ್ಲ ಅಂತೆ."

"ಅವನಿಗೆ ಹೇಳು, ನನ್ನ ಕಿವಿ ಚಿಂತೆ ಬಿಟ್ಟು ಮೊದಲು ಅವನ ತಲೆ ಸರಿ ಮಾಡಿಸ್ಕೊಳ್ಳಲಿ."

ಟಪಾಲು ಎಂಟು ಹೆಜ್ಜೆ ವಾಪಸು ಬಂದಳು. "ಅಪ್ಪಾ, ನಿನಗೇನಾದ್ರೂ ತಲೆನೋವಾ ಅಂತ ಕೇಳ್ತಿದಾರೆ."

ಅಪ್ಪನ ಭುಜ ಸ್ವಲ್ಪ ಸಡಿಲವಾಯಿತು. ಆ ಕಡೆ ಟಿವಿಯ ಸದ್ದೂ ಇಳಿಯಿತು. ಕೌನ್ಸೆಲರ್ ಬಾಯಿ ತೆರೆದುಕೊಂಡು ನಿಂತಳು. ಒಬ್ಬನಾಡಿದ್ದು ಇನ್ನೊಬ್ಬನಿಗೆ ಸ್ಪಷ್ಟವಾಗಿ ಕೇಳಿಸಿತ್ತು. ಆದರೂ ಮಗು ತಿದ್ದಿ ತರುವ ಮಾತಿಗೇ ಇಬ್ಬರೂ ಕಾಯುತ್ತಿದ್ದರು.

"ಎಂಟು ತಿಂಗಳಾಯ್ತು ಮೇಡಂ," ಅಮ್ಮ ಸೂಜಿ ತೆಗೆದು ಹೇಳಿದಳು. "ಮೊದಲು ನಾನೇ ಮಧ್ಯೆ ಓಡಾಡ್ತಿದ್ದೆ. ಎರಡನೇ ತಿಂಗಳಿಗೆ ಕೈಯೆತ್ತಿದೆ. ಇವಳು ವಹಿಸ್ಕೊಂಡ್ಳು."

ಅಜ್ಜ ಬಸ್ ಡ್ರೈವರ್ ಆಗಿದ್ದು ನಿವೃತ್ತನಾದವನು. ಅಪ್ಪ ಈಗ ಅದೇ ರೂಟಿನ ಡ್ರೈವರ್. ಎಂಟು ತಿಂಗಳ ಹಿಂದೆ ಅಜ್ಜ ಮಗನ ಬಸ್ಸು ಹತ್ತಿ ಹಿಂದಿನ ಸೀಟಿನಲ್ಲಿ ಕೂತಿದ್ದ. ಆಸ್ಪತ್ರೆಯ ಏರಿನಲ್ಲಿ, ತುಂಬಿದ ಬಸ್ಸಿನಲ್ಲಿ, "ಗೇರ್ ಇಳಿಸೋ ದಡ್ಡಾ" ಎಂದು ಕೂಗಿದ. ಬಸ್ಸಿಗೆ ಬಸ್ಸೇ ನಕ್ಕಿತು. ಮಗ ಮುಂದಿನ ಸ್ಟಾಪಿನಲ್ಲಿ ಬಸ್ಸು ನಿಲ್ಲಿಸಿ, ಅಜ್ಜನನ್ನು ಇಳಿಸಿ, ಹೋಗಿಯೇಬಿಟ್ಟ. ಅಲ್ಲಿಂದ ಮಾತು ಬಂದ್.

ಕೌನ್ಸೆಲರ್ ತಲೆಯಾಡಿಸಿದಳು. ಬುಧವಾರ ಶಾಲೆಗೆ ಬನ್ನಿ ಎಂದು ಅಜ್ಜನಿಗೂ ಅಪ್ಪನಿಗೂ ಬೇರೆ ಬೇರೆಯಾಗಿ ಹೇಳಿ ಬಂದಳು.

ಬುಧವಾರ ಇಬ್ಬರೂ ಬಂದರು. ಒಂದೇ ಬಾಗಿಲಲ್ಲಿ, ಐದು ನಿಮಿಷದ ಅಂತರದಲ್ಲಿ. ಕುರ್ಚಿ ಎರಡೇ ಇದ್ದವು. ಹುಡುಗಿ ನಡುವೆ ಸ್ಟೂಲಿನ ಮೇಲೆ ಕೂತಳು.

"ಇವತ್ತು ಒಂದು ನಿಯಮ," ಕೌನ್ಸೆಲರ್ ಹೇಳಿದಳು. "ನೀವು ಹೇಳೋದನ್ನ ಇವಳೇ ಮುಟ್ಟಿಸ್ತಾಳೆ. ಆದರೆ ಒಂದಕ್ಷರ ಬದಲಾಯಿಸೋ ಹಾಗಿಲ್ಲ."

ಹುಡುಗಿ ಅನುಮಾನದಿಂದ ನೋಡಿದಳು. "ಬೈಗುಳಾನೂ?"

"ಬೈಗುಳಾನೂ."

ಅಜ್ಜ ಗಂಟಲು ಸರಿಮಾಡಿಕೊಂಡ. "ಅವನಿಗೆ ಹೇಳು, ಹೆತ್ತಪ್ಪನ್ನ ಬೀದೀಲಿ ಇಳಿಸಿ ಹೋದ ಕತ್ತೆ ಮುಖ ನೋಡೋಕೂ ನನಗೆ ಇಷ್ಟವಿಲ್ಲ ಅಂತ."

ಹುಡುಗಿ ಸ್ಟೂಲಿನ ಮೇಲೆ ತಿರುಗಿದಳು. ಅಜ್ಜನ ಹಾಗೇ ಗದ್ದ ಮುಂದೆ ಚಾಚಿ, ಅಜ್ಜನದೇ ದನಿಯಲ್ಲಿ, ಕತ್ತೆ ಎನ್ನುವುದನ್ನು ಒತ್ತಿ, ಅಷ್ಟನ್ನೂ ಹೇಳಿದಳು. ಅಪ್ಪನ ಕಿವಿ ಕೆಂಪಗಾಯಿತು.

"ಆ ಮುದಿ ಗೂಬೆಗೆ ಹೇಳು," ಎಂದು ಶುರುಮಾಡಿದ ಅಪ್ಪ. ಮುಂದಿನದು ಅವನ ಬಾಯಲ್ಲಿದ್ದಷ್ಟು ಹೊತ್ತು ಸಾಧಾರಣವಾಗಿಯೇ ಕೇಳಿಸಿತು. ಎರಡು ಜಡೆಯ, ಕೋರೆಹಲ್ಲು ಅರ್ಧ ಬಂದ ಹುಡುಗಿ ಅದನ್ನೇ ಅಜ್ಜನ ಮುಖಕ್ಕೆ ಹೇಳಿದಾಗ ಅಜ್ಜ ಕುರ್ಚಿಯಿಂದ ಎದ್ದೇಬಿಟ್ಟ.

"ಏನೋ ಇದು?" ಅಜ್ಜ ನೇರವಾಗಿ ಮಗನನ್ನೇ ಕೇಳಿದ. "ಮಗುಗೆ ಇಂಥ ಮಾತು ಕಲಿಸಿದೀಯಾ?"

"ನಾನಾ? ಮೊದಲು ಕತ್ತೆ ಅಂದಿದ್ದು ಯಾರು ಅಪ್ಪಾ?"

ಅಂದ ಮೇಲೆ ಇಬ್ಬರಿಗೂ ಹೊಳೆಯಿತು, ಎಂಟು ತಿಂಗಳ ಮೇಲೆ ತಾವು ಮಾತಾಡಿಬಿಟ್ಟೆವೆಂದು. ಆದರೆ ಬಾಯಿಂದ ಬಿದ್ದದ್ದನ್ನು ವಾಪಸು ತೆಗೆದುಕೊಳ್ಳುವುದು ಹೇಗೆ? ಸುಮ್ಮನಾದರೆ ಸೋತ ಹಾಗೆ. ಹಾಗಾಗಿ ಇಬ್ಬರೂ ಮುಂದುವರಿಸಿದರು. ಗೇರು, ಕ್ಲಚ್ಚು, ಏರು, ಬಾಲ್ಯದಲ್ಲಿ ಮುರಿದ ಸೈಕಲ್ಲು, ಎಲ್ಲ ಬಂತು. ಜವಾನ ಓಡಿಬಂದು ಇಣುಕಿದ. ಕೌನ್ಸೆಲರ್ ತಲೆಯಾಡಿಸಿ ಅವನನ್ನು ಕಳಿಸಿದಳು. ನಡುವೆ ಬಾಯಿ ಹಾಕದಿರಲು ಅವಳು ಕುರ್ಚಿಯ ಹಿಂದೆ ನಿಂತು ಕೈಬೆರಳು ಹಿಸುಕಿಕೊಳ್ಳುತ್ತಿದ್ದಳು.

"ಅಷ್ಟು ಜನದ ಮುಂದೆ ದಡ್ಡ ಅಂದ್ರಿ," ಕೊನೆಗೆ ಅಪ್ಪನ ದನಿ ಒಡೆಯಿತು. "ಮಾರನೇ ದಿನದಿಂದ ಕಾಲೇಜು ಹುಡುಗ್ರು ಆ ಏರು ಬಂದಾಗಲೆಲ್ಲ ಗೇರ್ ಇಳಿಸೋ ಅಂತ ಕೂಗ್ತಾರೆ. ಇವತ್ತಿಗೂ."

ಅಜ್ಜ ಮೂಲೆಯ ಗಾಳಿ ಹೋದ ಚೆಂಡುಗಳತ್ತ ಮುಖ ತಿರುಗಿಸಿದ. "ಮೂವತ್ತೊಂದು ವರ್ಷ ಓಡಿಸಿದ ರೂಟು ಕಣೋ ಅದು. ಏರು ಬಂತು, ನನ್ನ ಕಾಲು ತಾನೇ ಕ್ಲಚ್ ಒತ್ತೋಕೆ ಹೋಯ್ತು. ಅಲ್ಲಿ ಕ್ಲಚ್ ಇರಲಿಲ್ಲ. ಮುಂದಿನ ಸೀಟಿನ ಹೆಂಗಸಿನ ಚೀಲ ಇತ್ತು. ಕಾಲಿಗೆ ಏನೂ ಸಿಗದಾಗ ಬಾಯಿ ಓಡಿತು."

ಅಪ್ಪನಿಗೆ ನಗು ಬಂತು. ಅದನ್ನು ಕೆಮ್ಮಾಗಿ ಮಾಡಲು ನೋಡಿದ, ಆಗಲಿಲ್ಲ. "ಚೀಲದಲ್ಲಿ ಏನಿತ್ತು?"

"ಮೊಟ್ಟೆ," ಎಂದ ಅಜ್ಜ ಬಹಳ ಗಂಭೀರವಾಗಿ.

ಈ ನಡುವೆ ಹುಡುಗಿ ಸ್ಟೂಲಿನಿಂದ ಇಳಿದು ಗೋಡೆಗೊರಗಿ ಕೂತಿದ್ದಳು. ಕೌನ್ಸೆಲರ್ ನೋಡಿದಾಗ ಬಾಯಿ ಸ್ವಲ್ಪ ತೆರೆದು ಗಾಢ ನಿದ್ದೆಯಲ್ಲಿದ್ದಳು. ಅಜ್ಜ ಅಪ್ಪ ಇಬ್ಬರೂ ಅದನ್ನು ಕಂಡು ದನಿ ತಗ್ಗಿಸಿದರು. ಜಗಳ ಪಿಸುಮಾತಿನಲ್ಲಿ ಇನ್ನೂ ಹತ್ತು ನಿಮಿಷ ನಡೆಯಿತು.

ತಿಂಗಳ ಕೊನೆಗೆ ಕೌನ್ಸೆಲರ್ ಕೊಟ್ಟ ವರದಿಯನ್ನು ಹೆಡ್‌ಮೇಡಂ ಎರಡು ಸಲ ಓದಿದರು.

"ಪ್ರಗತಿ ಅನ್ನೋ ಕಡೆ, ಮನೆಯಲ್ಲಿ ದಿನವೂ ಜಗಳ ನಡೆಯುತ್ತಿದೆ ಅಂತ ಬರೆದಿದ್ದೀರಲ್ಲ. ಕೈತಪ್ಪಿ ಬರೆದ್ರಾ?"

"ಇಲ್ಲ ಮೇಡಂ. ಅದೇ ಪ್ರಗತಿ."

"ಮಗು ಏನು ಮಾಡ್ತಿದೆ ಹಾಗಾದ್ರೆ?"

"ಅವರು ಜಗಳ ಆಡುವಾಗ ಇವಳು ಪಕ್ಕದ ಮನೆಗೆ ಆಡೋಕೆ ಹೋಗ್ತಾಳಂತೆ," ಎಂದಳು ಕೌನ್ಸೆಲರ್. "ಹೋಗಿ ಹೇಳು ಅಂತ ಯಾರೂ ಕರೆಯಲ್ಲವಂತೆ."