ಬಾಯಿ ಮೊದಲೋ ಹಿಂಬದಿ ಮೊದಲೋ

ರಜೆ ಮುಗಿಸಿ ರಾಜಧಾನಿ ಸುವಾದಿಂದ ದೋಣಿಯಲ್ಲಿ ತನ್ನ ದ್ವೀಪಕ್ಕೆ ಬಂದಿಳಿದ ವಿಜ್ಞಾನದ ಟೀಚರ್ ವಿಲಿಮೈನಾ ಮನೆಗೂ ಹೋಗದೆ ನೇರ ಶಾಲೆಗೆ ನಡೆದಳು. ವಿಜ್ಞಾನದ ಕೋಣೆಯ ಬಾಗಿಲು ತೆಗೆದವಳು ಕೈಚೀಲ ಹಿಡಿದಂತೆಯೇ ನಿಂತುಬಿಟ್ಟಳು. ಮಕ್ಕಳಿಗಾಗಿ ಅವಳು ಇಡೀ ಮಳೆಗಾಲ ಕೂತು ಚಿತ್ರ ಬರೆದಿದ್ದ ಗೋಡೆಯ ಬಲಭಾಗಕ್ಕೆ ಯಾರೋ ಸುಣ್ಣ ಬಳಿದಿದ್ದರು.

ಎಡಭಾಗ ಹಾಗೇ ಇತ್ತು. ಏಡಿ, ಎರೆಹುಳ, ಬಸವನಹುಳ, ಆಕ್ಟೋಪಸ್. ಮೊಟ್ಟೆ ಸೀಳುತ್ತಾ ಸೀಳುತ್ತಾ ಪುಟ್ಟ ಚೆಂಡಾದಾಗ ಅದರಲ್ಲಿ ಮೊದಲು ಬೀಳುವ ಗುಳಿ ಸಾಮಾನ್ಯವಾಗಿ ಬಾಯಿಯ ಕಡೆಯಾಗುವ ಬಳಗ ಅದು. ಸುಣ್ಣದಡಿ ಹೂತುಹೋದದ್ದು ಇನ್ನೊಂದು ಬಳಗ: ಗುಳಿ ಹಿಂಬದಿಯ ಕಡೆಯಾಗಿ, ಬಾಯಿ ಆಮೇಲೆ ತೆರೆದುಕೊಳ್ಳುವವರು. ನಕ್ಷತ್ರಮೀನು, ಕಡಲತಳದಲ್ಲಿ ತೆವಳುವ ಕಡಲಸೌತೆ, ಬಂಡೆಗಂಟಿಕೊಂಡು ನೀರು ಚಿಮ್ಮುವ ಚೀಲಪ್ರಾಣಿ, ಬಾವಲಿ, ಕೊನೆಯಲ್ಲಿ ಒಬ್ಬ ಮನುಷ್ಯ.

ಯಾರ ಕೆಲಸವೆಂದು ಕೇಳಬೇಕಾಗಿರಲಿಲ್ಲ. ಶಾಲಾ ಸಮಿತಿಯ ಹಿರಿಯ ಅವಳ ಸ್ವಂತ ದೊಡ್ಡಪ್ಪ ಅಪಕುಕಿ. ಅವಳು ಹೋದಾಗ ಆತ ಜಗಲಿಯಲ್ಲಿ ಬೇರು ಕುಟ್ಟಿ ಕಲಸಿದ ಯಂಗೋನ ಕುಡಿಯುತ್ತ ಕೂತಿದ್ದ. ಪಕ್ಕದಲ್ಲಿ ದೊಡ್ಡಮ್ಮ ಕುಲುನಾ ಚಾಪೆ ಹೆಣೆಯುತ್ತಿದ್ದಳು.

"ದೊಡ್ಡಪ್ಪಾ, ಗೋಡೆಗೆ ಸುಣ್ಣ ಹೊಡೆಸಿದ್ದು ನೀವಾ?"

"ಹೊಡೆಸೋದೇನು, ನಾನೇ ಹೊಡೆದೆ. ಬಾ, ಕೂತ್ಕೋ. ಊಟ ಆಯ್ತಾ?"

"ಊಟದ ಮಾತು ಆಮೇಲೆ. ಯಾಕೆ ಹೊಡೆದ್ರಿ?"

"ಚರ್ಚಿಂದ ಬರ್ತಾ ಇದ್ರೆ ಆ ಸಿರೇಲಿಯ ಮೊಮ್ಮಗಳು, ನಿನ್ನ ಕ್ಲಾಸಿನೋಳು, ಏನಂದ್ಳು ಗೊತ್ತಾ? 'ತಾತಾ, ಹೊಟ್ಟೇಲಿದ್ದಾಗ ನಿಮಗೆ ಮೊದಲು ಬಂದಿದ್ದು ಕುಂಡಿಯಂತೆ, ಬಾಯಿ ಆಮೇಲಂತೆ!' ದಾರೀಲಿದ್ದೋರೆಲ್ಲ ಬಿದ್ದು ಬಿದ್ದು ನಕ್ರು ಕಣೇ."

"ಈಗ್ಲೂ ಕೆಲವು ಸಲ ಯಾವುದು ಮಾತಾಡ್ತಿದೆ ಅಂತ ಗೊತ್ತಾಗಲ್ಲ ಬಿಡಿ," ಎಂದಳು ದೊಡ್ಡಮ್ಮ, ತಲೆಯೆತ್ತದೆ.

"ನೀನು ಸುಮ್ನಿರೇ! ನೋಡು ವಿಲಿ, ದೇವರು ತನ್ನ ರೂಪದಲ್ಲೇ ಮಾಡಿದ ಮನುಷ್ಯನ್ನ ಕಡಲಸೌತೆ ಪಕ್ಕ ನಿಲ್ಲಿಸ್ತೀಯಲ್ಲ! ಅದಕ್ಕೆ ತಲೆ ಇಲ್ಲ, ಕಣ್ಣಿಲ್ಲ. ಏಡಿ ಜೊತೆಗಾದ್ರೂ ನಿಲ್ಲಿಸು. ಕಾಲಿದೆ, ಕಣ್ಣಿದೆ, ಸಿಟ್ಟೂ ಬರುತ್ತೆ."

"ಕಾಲು ಕಣ್ಣು ನೋಡಿ ನೆಂಟಸ್ತಿಕೆ ಹೇಳೋಕಾಗಲ್ಲ ದೊಡ್ಡಪ್ಪ. ಹೇಗೆ ಬೆಳೀತು ಅಂತ ನೋಡ್ಬೇಕು. ಆ ಬಂಡೆ ಮೇಲಿನ ಚೀಲ ಇದ್ಯಲ್ಲ, ಮರಿಯಾಗಿದ್ದಾಗ ಅದಕ್ಕೂ ಬಾಲ ಇರುತ್ತೆ. ಬೆನ್ನುಮೂಳೆ ಬರೋಕೆ ಮುಂಚೆ ನಮಗಿರೋ ಅಂಥದ್ದೇ ಗಟ್ಟಿ ದಾರ ಆ ಬಾಲದೊಳಗೂ ಇರುತ್ತೆ. ದೊಡ್ಡದಾದ್ಮೇಲೆ ಕಳ್ಕೊಂಡು ಕೂತಿದೆ, ಅಷ್ಟೇ."

"ಇರ್ಲಿ. ಮನುಷ್ಯ ಒಬ್ಬನ್ನ ಬಿಟ್ಟು ಮಿಕ್ಕಿದ್ದೆಲ್ಲ ಮತ್ತೆ ಬರಿ. ಯಾರೂ ಬೇಡ ಅನ್ನಲ್ಲ."

ವಿಲಿಮೈನಾಳ ಮೈ ಉರಿದುಹೋಯಿತು. ಕಾಲೇಜಿನಲ್ಲಿ ಗಾಜಿನ ಬೋಗುಣಿಯೊಳಗೆ ನಕ್ಷತ್ರಮೀನಿನ ಮರಿಗಳನ್ನು ಸಾಕಿದವಳು ಅವಳು. ನಮ್ಮಂತೆಯೇ ಎಡ ಬಲ ಎಂದು ಎರಡು ಪಾಲಾಗಿದ್ದ ಮರಿ ಐದು ತೋಳಿನ ಪ್ರಾಣಿಯಾಗಿ ತಿರುಗುವುದನ್ನು ಕಣ್ಣಾರೆ ಕಂಡಿದ್ದಳು. ಅದನ್ನೆಲ್ಲ ಒಂದು ಬಕೆಟ್ ಸುಣ್ಣದಲ್ಲಿ ಒರೆಸಿಹಾಕಿದವನು ಈಗ ದೊಡ್ಡ ಮನಸ್ಸು ಮಾಡಿ ಅಪ್ಪಣೆ ಕೊಡುತ್ತಿದ್ದಾನೆ!

"ಮಿಕ್ಕಿದ್ದೆಲ್ಲ ಪ್ರಾಣಿ, ನೀವೊಬ್ರು ಮಾತ್ರ ಆಕಾಶದಿಂದ ಉದುರಿದ್ರಾ?"

ದೊಡ್ಡಮ್ಮನ ಕೈ ಚಾಪೆಯ ಮೇಲೆ ನಿಂತಿತು. ಆ ಮನೆಯಲ್ಲಿ ಅಪ್ಪನ ಅಣ್ಣನಿಗೆ ಯಾರೂ ಹಾಗೆ ಎದುರಾಡಿದ್ದಿಲ್ಲ. ವಿಲಿಮೈನಾ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳದೆ ಎದ್ದು ಬಂದಳು.

ಸಮಿತಿಯೂ ದೊಡ್ಡಪ್ಪನ ಮಾತನ್ನೇ ಹೇಳಿತು: ಗೋಡೆಯ ಮೇಲೆ ಮನುಷ್ಯ ಕಾಣಿಸಕೂಡದು. ಅವಳು ಹಲ್ಲು ಕಚ್ಚಿಕೊಂಡು ಬಣ್ಣ ಕಲಸಿದಳು.

ಚಿತ್ರ ಮುಗಿದ ಸುದ್ದಿ ಕೇಳಿ ಅಪಕುಕಿ ಪಾಠದ ನಡುವೆಯೇ ಬಂದ. ಸುಣ್ಣದ ಮೇಲೆ ಸಾಲಾಗಿ ಎಂಟೆಂಟು ಗುಂಡುಗಳ ಐದು ಗೊಂಚಲುಗಳಿದ್ದವು.

"ಇದೇನಿದು, ದ್ರಾಕ್ಷಿನಾ?"

"ನಕ್ಷತ್ರಮೀನು, ಕಡಲಸೌತೆ, ಚೀಲಪ್ರಾಣಿ, ಬಾವಲಿ, ಮನುಷ್ಯ. ಒಂದು ಮೊಟ್ಟೆ ಸೀಳಿ ಎಂಟಾದಾಗ ಹೆಚ್ಚುಕಡಿಮೆ ಎಲ್ರೂ ಹೀಗೇ ಇರ್ತಾರೆ. ಈಗ ಹೇಳಿದ ಕ್ರಮದಲ್ಲಿ ಬರೆದಿಲ್ಲ, ಹಿಂದುಮುಂದಾಗಿ ಬರೆದಿದ್ದೀನಿ."

"ಮನುಷ್ಯ ಬೇಡ ಅಂದಿರ್ಲಿಲ್ವಾ?"

"ಅಳಿಸಿ. ಸುಣ್ಣದ ಬಕೆಟ್ಟು, ಬ್ರಷ್ಷು ಅಲ್ಲೇ ಇದೆ."

ದೊಡ್ಡಪ್ಪ ಬ್ರಷ್ ಅದ್ದಿಕೊಂಡು ಗೋಡೆಯುದ್ದಕ್ಕೂ ಅತ್ತಿಂದಿತ್ತ ಓಡಾಡಿದ. ಕನ್ನಡಕ ತೆಗೆದ, ಮತ್ತೆ ಹಾಕಿದ. ಕೊನೆಗೆ ಒಂದರತ್ತ ಕೈಯೆತ್ತಿದ.

"ಅದು ಬಾವಲಿ," ಎಂದಳು ವಿಲಿಮೈನಾ.

ಆತ ಬ್ರಷ್ ಬಕೆಟ್ಟಿಗೆ ಎಸೆದು ಹೊರಟುಹೋದ. ಸಮಿತಿಯಲ್ಲಿ, "ಏನೋ ದ್ರಾಕ್ಷಿ ಗೀಚಿದ್ದಾಳೆ, ಇದ್ರೆ ಇರ್ಲಿ," ಎಂದನಂತೆ.

ಆ ಮಾತು ಕಿವಿಗೆ ಬಿದ್ದಾಗ ವಿಲಿಮೈನಾಳಿಗೆ ಸುಣ್ಣ ಕಂಡಾಗಿನದಕ್ಕಿಂತ ಹೆಚ್ಚು ಸಿಟ್ಟು ಬಂತು. ದ್ರಾಕ್ಷಿಯಂತೆ! ಅಂದೇ ಕಪ್ಪು ಬಣ್ಣ ತೆಗೆದುಕೊಂಡು ಪ್ರತಿಯೊಂದರ ಕೆಳಗೂ ಹೆಸರು ಬರೆದಳು. 'ಮನುಷ್ಯ' ಎಂಬುದನ್ನು ಬಾಗಿಲಿನಿಂದಲೇ ಓದಬಹುದಾದಷ್ಟು ದಪ್ಪಗೆ ಬರೆದಳು.

ಅಪಕುಕಿ ಅದನ್ನು ನೋಡಿದ. ಸುಣ್ಣದ ಬಕೆಟ್ ಮತ್ತೆ ಬರಲಿಲ್ಲ. ಆದರೆ ದೊಡ್ಡಪ್ಪ ಅವಳೊಂದಿಗೆ ಮಾತೂ ಆಡಲಿಲ್ಲ, ಅವಳೂ ಆಡಿಸಲಿಲ್ಲ. ಕ್ರಿಸ್‌ಮಸ್ಸಿಗೂ ಅವಳು ಆ ಜಗಲಿ ಹತ್ತಲಿಲ್ಲ. ದೊಡ್ಡಮ್ಮ ಮಾತ್ರ ನಿಂಬೆರಸ ಹಿಂಡಿದ ಕಡಲಸೌತೆಯ ಬಟ್ಟಲು ಹಿಡಿದು ತಾನೇ ಬಂದಳು.

"ತಗೋ, ನಿನ್ನ ನೆಂಟರು," ಎಂದಳು.

ವಿಲಿಮೈನಾ ನಗಲಿಲ್ಲ. ಆ ಸಿಟ್ಟಿನಲ್ಲೇ ಬಟ್ಟಲು ಖಾಲಿ ಮಾಡಿದಳು.